ಆಯುಧಪೂಜೆಗೇ ಬೀಡಿಂಗ್ ಒರೆಸಿಬಿಡು

ಮಗು,

ಮಿನಿಯಾಪೊಲಿಸ್‌ಗೆ ಹೊಸದಾಗಿ ಬಂದವರೆಲ್ಲ ಕೇಳುವುದು ಕೋಟು ಎಂಥದ್ದು ಬೇಕು, ಬೂಟು ಎಲ್ಲಿ ಸಿಗುತ್ತೆ ಅಂತಲೇ. ನೀನೂ ಅದನ್ನೇ ಕೇಳಿದೆ. ಅದನ್ನು ಹೇಳಿಕೊಡುವವರು ನಿನ್ನ ಆಫೀಸಿನಲ್ಲೇ ಹತ್ತು ಜನ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ನಿನ್ನ ಕಾರಿನ ಬಾಗಿಲಿನ ವಿಷಯ. ಚಳಿಗಾಲದ ಒಂದು ಬೆಳಿಗ್ಗೆ ಆಫೀಸಿಗೆ ಹೊರಡುತ್ತೀಯ, ರಿಮೋಟು ಒತ್ತುತ್ತೀಯ, ಲಾಕು ಟಕ್ ಅಂತ ತೆಗೆದುಕೊಳ್ಳುತ್ತೆ, ಹ್ಯಾಂಡಲ್ ಎಳೆದರೆ ಬಾಗಿಲು ಮಾತ್ರ ಅಲ್ಲಾಡುವುದಿಲ್ಲ. ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ ಇದು ಇವತ್ತಲ್ಲ ನಾಳೆ ಬಂದೇ ಬರುವ ಕಷ್ಟ. ನಿನ್ನ ಅಪಾರ್ಟ್‌ಮೆಂಟಿಗೆ ಗ್ಯಾರೇಜ್ ಇಲ್ಲ ಅಂತ ಅಣ್ಣ ಫೋನಿನಲ್ಲಿ ಹೇಳಿದಾಗಿನಿಂದ ನನ್ನ ತಲೆಯಲ್ಲಿ ಓಡುತ್ತಿರುವುದೂ ಅದೇ.

ಇನ್ನೂ ಸೆಪ್ಟೆಂಬರು, ಈಗಲೇ ಯಾಕತ್ತೆ ಅನ್ನಬೇಡ. ಇದಕ್ಕೆ ಮಾಡಬೇಕಾದ ಮುಖ್ಯ ಕೆಲಸ ಬಿಸಿಲಿರುವಾಗ, ಬರಿಗೈಯಲ್ಲಿ, ಒಣಬಟ್ಟೆ ಹಿಡಿದು ಮಾಡುವಂಥದ್ದು. 1991ರಲ್ಲಿ ಹ್ಯಾಲೋವೀನ್ ದಿನ, ಅಂದರೆ ಅಕ್ಟೋಬರ್ 31ಕ್ಕೆ ಶುರುವಾದ ಹಿಮ ನವೆಂಬರ್ 3ರ ಹೊತ್ತಿಗೆ ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳ ಮೇಲೆ 28.4 ಇಂಚು ಬಿದ್ದಿತ್ತು. ಇಲ್ಲಿನ ಹಳಬರು ಈಗಲೂ ಆ ಮಾತು ಎತ್ತುತ್ತಾರೆ. ಹಾಗಾಗಿ ಡಿಸೆಂಬರ್ ಬರಲಿ ನೋಡೋಣ ಅಂತ ಕೂರುವ ಊರಲ್ಲ ಇದು. ನಾನಂತೂ ಆಯುಧಪೂಜೆಯನ್ನೇ ಗಡುವು ಮಾಡಿಕೊಂಡಿದ್ದೇನೆ. ಹೇಗಿದ್ದರೂ ಅವತ್ತು ಕಾರು ತೊಳೆಯಬೇಕು, ಅರಿಶಿನ ಕುಂಕುಮ ಇಡಬೇಕು, ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಮೈಸೂರಿನಲ್ಲಿ ಅಣ್ಣ ಸ್ಕೂಟರನ್ನು ಸಂದಿಗೊಂದಿ ಬಿಡದೆ ಉಜ್ಜುತ್ತಿದ್ದುದು ನಿನಗೂ ನೆನಪಿರಬೇಕು. ಅಷ್ಟೇ ಶ್ರದ್ಧೆ ಕಾರಿನ ಬಾಗಿಲಿನ ಒಳಂಚಿಗೂ ಇರಲಿ.

ಬಾಗಿಲು ಯಾಕೆ ಅಂಟುತ್ತೆ ಅಂತ ಮೊದಲು ತಿಳಿದುಕೊ. ಬಾಗಿಲು ತೆರೆದರೆ ಅಂಚಿನುದ್ದಕ್ಕೂ ಕಪ್ಪು ರಬ್ಬರಿನ ಪಟ್ಟಿ ಕಾಣುತ್ತೆ. ನಮ್ಮೂರ ಗ್ಯಾರೇಜಿನವರು ಬೀಡಿಂಗ್ ಅನ್ನುತ್ತಾರಲ್ಲ, ಅದು. ಕೆಲವು ಕಾರುಗಳಲ್ಲಿ ಬಾಗಿಲಿಗೆ ಇರುತ್ತೆ, ಕೆಲವದರಲ್ಲಿ ಚೌಕಟ್ಟಿಗೆ, ಎಷ್ಟೋ ಕಾರುಗಳಲ್ಲಿ ಎರಡಕ್ಕೂ. ಒಳಗೆ ಟೊಳ್ಳು, ಒತ್ತಿದರೆ ಮೆತ್ತಗೆ ಅಮುಕಿಕೊಳ್ಳುತ್ತೆ. ಬಾಗಿಲು ಹಾಕಿದಾಗ ಹೀಗೆ ಅಮುಕಿ ಲೋಹಕ್ಕೆ ಒತ್ತಿ ಕೂರುವುದರಿಂದಲೇ ಗಾಳಿ, ಮಳೆ, ಧೂಳು ಒಳಗೆ ಬರುವುದಿಲ್ಲ. ಆ ರಬ್ಬರಿಗೂ ಲೋಹಕ್ಕೂ ನಡುವೆ ನೀರಿನ ತೆಳು ಪೊರೆಯೊಂದು ಉಳಿದರೆ ಸಾಕು. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಅದು ಹೆಪ್ಪುಗಟ್ಟುತ್ತೆ, ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತೆ, ರಬ್ಬರಿನ ಮೈಯಲ್ಲಿರುವ ಕಣ್ಣಿಗೆ ಕಾಣದ ತಗ್ಗುಗಳಲ್ಲೆಲ್ಲ ಕಚ್ಚಿಕೊಳ್ಳುತ್ತೆ. ಎಣ್ಣೆ ಸವರದೆ ಹಿಟ್ಟು ಹುಯ್ದ ಇಡ್ಲಿ ತಟ್ಟೆಯ ಕಥೆಯೇ ಇದು. ಸವರಬೇಕಾದದ್ದು ಮೊದಲು, ಬೆಂದಮೇಲೆ ಎಷ್ಟು ಕೆರೆದರೂ ಇಡ್ಲಿಯೇ ಮುರಿಯುವುದು. ಕಾರಿನಲ್ಲಾದರೆ ಹರಿಯುವುದು ರಬ್ಬರು, ಮುರಿಯುವುದು ಹ್ಯಾಂಡಲ್ಲು.

ಇಲ್ಲಿ ಹೊಸಬರೆಲ್ಲ ಎಡವುವುದು ಟಿವಿಯಲ್ಲಿ ತೋರಿಸುವ ಅಂಕಿಗೆ ಹೆದರಿ. ಈ ರಾಜ್ಯದ ಉತ್ತರಕ್ಕಿರುವ ಟವರ್ ಅನ್ನುವ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 51 ಡಿಗ್ರಿ ಇಳಿದಿತ್ತು. ಮಿನಸೋಟದ ದಾಖಲೆ ಅದು. ನಮ್ಮ ಮಿನಿಯಾಪೊಲಿಸ್‌ನಲ್ಲೇ 2019ರ ಜನವರಿ 30ರಂದು ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಡಿಗ್ರಿ. ಅಂಚೆಯವರೂ ಅವತ್ತು ಟಪಾಲು ಹಂಚಲಿಲ್ಲ. ಇಂಥ ದಿನಗಳಲ್ಲಿ ಬ್ಯಾಟರಿ ಕೈಕೊಡುತ್ತೆ, ಟೈರಿನ ಗಾಳಿ ಇಳಿಯುತ್ತೆ, ಅದೆಲ್ಲ ನಿಜ. ಬಾಗಿಲಿನ ಕಥೆ ಬೇರೆ. ಅಷ್ಟು ಚಳಿಯಲ್ಲಿ ಗಾಳಿ ಒಣಗಿರುತ್ತೆ, ಹಿಮ ಪುಡಿಪುಡಿಯಾಗಿ ಬೀಳುತ್ತೆ, ಪೊರಕೆ ಆಡಿಸಿದರೆ ಹಾರಿಹೋಗುತ್ತೆ. ಸಂದಿಯಲ್ಲಿ ಮೊದಲೇ ನೀರು ಸೇರಿರದಿದ್ದರೆ ಮೈನಸ್ 30ರಲ್ಲೂ ಬಾಗಿಲು ತೆರೆಯುತ್ತೆ. ಬಿಗಿಯಾಗಿ, ಕಿರ್ ಅನ್ನುತ್ತ ತೆರೆಯುತ್ತೆ ಅಷ್ಟೆ. ಇನ್ನು ಆ ವಿಂಡ್ ಚಿಲ್ ಅನ್ನುವ ಅಂಕಿ ನಿನ್ನ ಮೂಗು, ಕಿವಿಗೆ ಸೇರಿದ್ದು. ಗಾಳಿ ಎಷ್ಟೇ ಬೀಸಲಿ, ಕಾರಿನ ತಗಡು ಹೊರಗಿನ ಗಾಳಿಯ ಉಷ್ಣಾಂಶಕ್ಕಿಂತ ಅದರಿಂದ ಕೆಳಗೆ ಇಳಿಯುವುದಿಲ್ಲ.

ನೀನು ಹುಷಾರಾಗಿರಬೇಕಾದದ್ದು ಸೊನ್ನೆಯ ಆಚೀಚೆ ತೂಗಾಡುವ ದಿನಗಳಲ್ಲಿ. ಇಲ್ಲಿನವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ 32 ಅಂದರೆ ನಮ್ಮ ಸೊನ್ನೆ. ಆ ಒಂದು ಸಂಖ್ಯೆ ಬಾಯಿಪಾಠ ಆಗಿರಲಿ. ಮಧ್ಯಾಹ್ನ 35, ರಾತ್ರಿ 15 ಅಂತ ಫೋನಿನಲ್ಲಿ ಕಂಡರೆ ಅವತ್ತು ಸಂಜೆ ಬಾಗಿಲಿಗೆ ಒಂದಿಷ್ಟು ಗಮನ ಕೊಡು. ಹಗಲು ಕರಗಿ ಸಂದಿಗಿಳಿದ ನೀರು ರಾತ್ರಿ ಕಲ್ಲಾಗುತ್ತೆ. ಇನ್ನೂ ಕೆಟ್ಟದ್ದು ಫ್ರೀಜಿಂಗ್ ರೇನ್. ಮಳೆಯೇ, ಆದರೆ ಬಿದ್ದ ಜಾಗದಲ್ಲೇ ಗಾಜಿನ ಲೇಪ ಹಾಕುತ್ತ ಹೋಗುತ್ತೆ. ಬಾಗಿಲು, ಹ್ಯಾಂಡಲ್ಲು, ಕನ್ನಡಿ ಎಲ್ಲ ಒಂದೇ ಚಿಪ್ಪಿನೊಳಗೆ. ನಮ್ಮ ಕಡೆ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರೆ. ಇಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ, ಹಗಲು ಕರಗಿ ರಾತ್ರಿ ಕಟ್ಟುವ ಆ ಕಾಲದಲ್ಲೇ ಬಾಗಿಲು ಹೆಚ್ಚು ಅಂಟುವುದು. ಜನವರಿಯೆಲ್ಲ ನಿಭಾಯಿಸಿ ಇನ್ನು ಮುಗಿಯಿತು ಅಂತ ಕೈಚೆಲ್ಲಿದವರು ಮಾರ್ಚಿನಲ್ಲಿ ಸಿಕ್ಕಿಬೀಳುತ್ತಾರೆ.

ಮಳೆಯಿಲ್ಲದೆಯೂ ಸಂದಿಗೆ ನೀರು ಎಲ್ಲಿಂದ ಬರುತ್ತೆ ಅಂತ ನಿನಗೆ ಅನ್ನಿಸಬಹುದು. ಬಹಳಮಟ್ಟಿಗೆ ನಾವೇ ತಂದು ಹಾಕುವುದು. ಕಾರಿನ ಸೂರಿನ ಮೇಲೆ ಹಿಮ ಹಾಗೇ ಬಿಟ್ಟು, ಒಳಗೆ ಹೀಟರ್ ಜೋರಾಗಿ ಹಾಕಿಕೊಂಡು ಅರ್ಧ ಗಂಟೆ ಓಡಿಸುತ್ತೇವೆ. ಸೂರು ಬೆಚ್ಚಗಾಗಿ ಅಡಿಯ ಪದರ ಕರಗುತ್ತೆ, ಬಾಗಿಲ ಮೇಲಂಚಿನ ಬೀಡಿಂಗಿನೊಳಕ್ಕೆ ಇಳಿಯುತ್ತೆ. ಮನೆ ಮುಂದೆ ಕಾರು ನಿಲ್ಲಿಸಿದ ಮೇಲೆ ಎಲ್ಲ ತಣ್ಣಗಾಗಿ ಅದು ಅಲ್ಲೇ ಕಟ್ಟುತ್ತೆ. ಬೂಟಿನಲ್ಲಿ ಅಂಟಿಕೊಂಡು ಒಳಗೆ ಬಂದ ಹಿಮ ಮ್ಯಾಟಿನ ಮೇಲೆ ಕರಗಿ ಆವಿಯಾಗುತ್ತೆ. ನಮ್ಮ ಉಸಿರಿನ ತೇವವೂ ಅದರ ಜೊತೆ ಸೇರಿ ತಣ್ಣನೆಯ ಅಂಚಿನಲ್ಲಿ ಬೆವರೊಡೆಯುತ್ತೆ. ಹೀಟರ್ ಇರುವ ಗ್ಯಾರೇಜಿನವರು ತಮಗೆ ಈ ಪೀಡೆ ಇಲ್ಲ ಅಂದುಕೊಳ್ಳುತ್ತಾರೆ. ರಾತ್ರಿಯೆಲ್ಲ ಅಲ್ಲಿ ಹಿಮ ಕರಗಿ ಕಾರು ಒದ್ದೆಯಾಗಿರುತ್ತೆ, ಬೆಳಿಗ್ಗೆ ಹಾಗೇ ಹೊರಗೆ ತಂದು ಆಫೀಸಿನ ಬಯಲಿನಲ್ಲಿ ನಿಲ್ಲಿಸಿದರೆ ಸಂಜೆ ಐದಕ್ಕೆ ಬಾಗಿಲು ಕಚ್ಚಿಕೊಂಡಿರುತ್ತೆ. ನಿನಗೆ ಗ್ಯಾರೇಜ್ ಇಲ್ಲದಿರುವುದರಿಂದ ಈ ಒಂದು ತಾಪತ್ರಯವಂತೂ ತಪ್ಪಿತು.

ಈಗ ಹಬ್ಬದ ಕೆಲಸಕ್ಕೆ ಬಾ. ನಾಲ್ಕು ಬಾಗಿಲು, ಡಿಕ್ಕಿ ಎಲ್ಲ ತೆರೆದಿಟ್ಟುಕೊ. ಪೆಟ್ರೋಲ್ ಹಾಕುವ ಮುಚ್ಚಳವನ್ನೂ ಮರೆಯಬೇಡ, ಅದೂ ಅಂಟುತ್ತೆ. ಸೋಪು ಕಲಸಿದ ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಬೀಡಿಂಗನ್ನು ಉದ್ದಕ್ಕೂ ಒರೆಸು. ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಒಳಗೂ ಒರೆಸಬೇಕು. ಹೋದ ಚಳಿಗಾಲದ ಉಪ್ಪು, ಮರಳು, ಎಲೆಚೂರು ಅಲ್ಲೇ ಕೂತಿರುತ್ತೆ. ರಬ್ಬರು ಬಂದು ತಾಗುವ ಲೋಹದ ಜಾಗವನ್ನು ಜನ ಮರೆಯುತ್ತಾರೆ, ಅದನ್ನೂ ಒರೆಸು. ಆಮೇಲೆ ಬಿಸಿಲಿಗೆ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಲು ಬಿಡು. ಒದ್ದೆಯ ಮೇಲೆ ಏನು ಹಚ್ಚಿದರೂ ಹಿಡಿಯುವುದಿಲ್ಲ.

ಹಚ್ಚಬೇಕಾದದ್ದು ಸಿಲಿಕೋನ್. ವಾಹನದ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲೂ ಸ್ಪ್ರೇ ಡಬ್ಬಿ ಸಿಗುತ್ತೆ. ಟ್ಯೂಬಿನಲ್ಲಿ ಗ್ರೀಸಿನ ರೂಪದಲ್ಲೂ ಇದೆ, ಅದು ಇನ್ನೂ ಹೆಚ್ಚು ದಿನ ಬಾಳುತ್ತೆ. ಸ್ಪ್ರೇಯನ್ನು ನೇರವಾಗಿ ಬಾಗಿಲಿಗೆ ಹೊಡೆಯಬೇಡ. ಗಾಜಿಗೆ ಹಾರಿದರೆ ಮಬ್ಬು, ಬ್ರೇಕಿನ ಪೆಡಲಿಗೆ ಹಾರಿದರೆ ಕಾಲು ಜಾರುತ್ತೆ. ಬಟ್ಟೆಗೆ ಹೊಡೆದುಕೊಂಡು, ಆ ಬಟ್ಟೆಯಿಂದ ರಬ್ಬರಿಗೆ ತೆಳ್ಳಗೆ ಸವರು. ಹೆಚ್ಚು ಹಚ್ಚಿದರೆ ಹೆಚ್ಚು ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಡ್ಡು ಉಳಿದರೆ ಕೋಟಿಗೆ ಅಂಟುತ್ತೆ. ಸರಿಯಾಗಿ ಹಚ್ಚಿದ್ದೀಯೋ ಇಲ್ಲವೋ ನೋಡಬೇಕಾದರೆ ಒಂದು ಹನಿ ನೀರು ಚಿಮುಕಿಸು. ಹನಿ ಗುಂಡಗೆ ನಿಂತು ಜಾರಿಹೋದರೆ ಆಯಿತು, ಹರಡಿಕೊಂಡರೆ ಇನ್ನೊಮ್ಮೆ ಸವರು. ಇದು ಚಳಿಗಾಲದುದ್ದಕ್ಕೂ ನಿಲ್ಲುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ಒಂದು ಸಲ, ಶಿವರಾತ್ರಿಗೆ ಇನ್ನೊಂದು ಸಲ ಹಚ್ಚಬೇಕು.

ಅಡುಗೆಮನೆಯ ಎಣ್ಣೆ ಸಾಲದೇ ಅಂತ ಕೇಳುತ್ತೀಯ, ನಮ್ಮ ಜನ ಎಲ್ಲರೂ ಕೇಳುತ್ತಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುವ ಪದಾರ್ಥ, ಬೆಂಗಳೂರಿನ ಡಿಸೆಂಬರಿನಲ್ಲೇ ಶೀಶೆಯಿಂದ ಇಳಿಯುವುದಿಲ್ಲ. ಅದನ್ನು ಮಿನಸೋಟದ ಬಾಗಿಲಿಗೆ ಹಚ್ಚಿ ಪ್ರಯೋಜನವೇನು? ಅಡುಗೆಗೆ ಬಳಸುವ ಎಣ್ಣೆಯ ಸ್ಪ್ರೇ ಹೊಡೆಯುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ರಾತ್ರಿಗೆ ಕೆಲಸ ಮಾಡುತ್ತೆ, ಸುಳ್ಳಲ್ಲ. ಆಮೇಲೆ ಕಮಟುತ್ತೆ, ಧೂಳು ಹಿಡಿದು ಮಸಿಯಾಗುತ್ತೆ. ವ್ಯಾಸಲೀನ್ ಮತ್ತು ಡಬ್ಲ್ಯೂಡಿ-40 ಪೆಟ್ರೋಲಿಯಂನಿಂದ ಆದವು. ಬಾಗಿಲಿನ ಬೀಡಿಂಗು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರು. ಬಿಸಿಲು, ಮಳೆ, ಚಳಿ ತಡೆಯುವುದರಲ್ಲಿ ಗಟ್ಟಿ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಮಾತ್ರ ಕ್ರಮೇಣ ಊದಿಕೊಂಡು ಸಡಿಲವಾಗುತ್ತೆ. ಡಬ್ಲ್ಯೂಡಿ-40 ಬಾಗಿಲಿನ ಲೋಹದ ಕೀಲುಗಳಿಗೆ ಇರಲಿ, ರಬ್ಬರಿನ ಹತ್ತಿರ ತರಬೇಡ.

ಅದೇ ದಿನ ಇನ್ನೆರಡು ಸಣ್ಣ ಕೆಲಸ ಮುಗಿಸಿಕೊ. ಪ್ರತಿ ಬಾಗಿಲಿನ ಅಡಿಯಂಚಿನಲ್ಲಿ ಪುಟ್ಟ ತೂತುಗಳಿರುತ್ತವೆ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದ ಮಳೆನೀರು ಹೊರಗೆ ಹೋಗುವುದು ಅಲ್ಲಿಂದಲೇ. ಅವು ಕಸ ಕಟ್ಟಿಕೊಂಡರೆ ನೀರು ಬಾಗಿಲ ಹೊಟ್ಟೆಯಲ್ಲೇ ಉಳಿದು ಅಲ್ಲೇ ಹೆಪ್ಪುಗಟ್ಟುತ್ತೆ. ಬಾಗಿಲನ್ನು ಅಲ್ಲಾಡಿಸಿದಾಗ ಒಳಗೆ ಗಳಗಳ ಅಂದರೆ ಅದೇ ಗುರುತು. ಒಂದು ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕೊಳೆ ತೆಗೆದುಬಿಡು. ಎರಡನೆಯದು ಕೀಲಿಕೈ. ನಿನ್ನ ರಿಮೋಟಿನೊಳಗೆ ಅಡಗಿಸಿಟ್ಟ ಲೋಹದ ಕೀಲಿಯೊಂದು ಇರುತ್ತೆ, ಚಾಲಕನ ಬಾಗಿಲಿನ ಹ್ಯಾಂಡಲಿನಲ್ಲಿ ಅದಕ್ಕೊಂದು ತೂತೂ ಇರುತ್ತೆ. ಕೆಲವು ಕಾರಿನಲ್ಲಿ ಪ್ಲಾಸ್ಟಿಕ್ ಟೋಪಿ ಮುಚ್ಚಿರುತ್ತಾರೆ. ಚಳಿಗೆ ರಿಮೋಟಿನ ಸೆಲ್ಲು ಸೋತಾಗ ಆ ಕೀಲಿಯೇ ಗತಿ. ಹೇಗೆ ಹೊರಗೆ ತೆಗೆಯುವುದು, ಎಲ್ಲಿ ತೂರಿಸುವುದು ಅಂತ ಬಿಸಿಲಿನಲ್ಲಿ ಒಂದು ಸಲ ಮಾಡಿ ನೋಡಿಕೊ. ಕತ್ತಲೆಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಕಲಿಯುವ ವಿದ್ಯೆಯಲ್ಲ ಅದು.

ಇನ್ನು ದಿನದಿನದ ಅಭ್ಯಾಸ. ಬೆಳಿಗ್ಗೆ ಹೊರಡುವಾಗ ಗಾಜಿನ ಮೇಲಿನ ಹಿಮ ಮಾತ್ರ ಕೆರೆದು ಹೊರಡುವವರನ್ನು ನೋಡುತ್ತೀಯ. ಸೋಮಾರಿಗಳು. ಸೂರಿನ ಹಿಮವನ್ನೂ ಪೂರ್ತಿ ತಳ್ಳು. ಹಿಂದೆ ಬರುವ ಕಾರಿನ ಮೇಲೆ ಹಲಗೆ ಹಲಗೆಯಾಗಿ ಹಾರಿ ಬೀಳುವುದೂ ತಪ್ಪುತ್ತೆ, ನಿನ್ನ ಬಾಗಿಲೂ ಉಳಿಯುತ್ತೆ. ಸಂಜೆ ಮನೆ ಹತ್ತಿರ ಬಂದಾಗ ಹೀಟರ್ ಆರಿಸಿ, ಗಾಳಿ ಒಳಗೇ ಸುತ್ತುವ ರೀಸರ್ಕ್ಯುಲೇಶನ್ ಗುಂಡಿ ಹಾಕಿದ್ದರೆ ತೆಗೆದುಬಿಡು. ಕಾರು ನಿಲ್ಲಿಸಿದ ಮೇಲೆ ನಾಲ್ಕೂ ಬಾಗಿಲು ಒಂದು ನಿಮಿಷ ತೆರೆದಿಟ್ಟು ಬೆಚ್ಚನೆಯ ತೇವದ ಗಾಳಿ ಹೊರಗೆ ಹೋಗಲು ಬಿಡು, ಮ್ಯಾಟು ಕೊಡವು, ಅಂಚನ್ನು ಒಣಬಟ್ಟೆಯಿಂದ ಒಮ್ಮೆ ಒರೆಸು. ಅಕ್ಕಪಕ್ಕದವರು ಇವಳೇನು ಮಾಡುತ್ತಿದ್ದಾಳೆ ಅಂತ ನೋಡಿದರೆ ನೋಡಲಿ. ಒಳಗೂ ಹೊರಗೂ ಒಂದೇ ತಣ್ಣಗಾದರೆ ರಾತ್ರಿ ಬೀಳುವ ಹಿಮ ಕರಗದೆ ಹಾಗೇ ಪುಡಿಯಾಗಿ ಕೂರುತ್ತೆ.

ಫ್ರೀಜಿಂಗ್ ರೇನ್ ಬರುತ್ತೆ ಅಂತ ಹೇಳಿದ ರಾತ್ರಿ ಕೆಲವರು ಕಸದ ಚೀಲ ಸೀಳಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಸಿ ಬಾಗಿಲು ಹಾಕುತ್ತಾರೆ. ನೋಡಲು ಅಂದವಿಲ್ಲ, ಉಪಾಯ ಮಾತ್ರ ಚೆನ್ನಾಗಿದೆ. ರಬ್ಬರು ಪ್ಲಾಸ್ಟಿಕ್ಕಿಗೆ ಅಂಟಿದರೂ ಲೋಹಕ್ಕೆ ಅಂಟುವುದಿಲ್ಲ. ಪೂರ್ತಿ ಕಾರಿಗೆ ಹೊದಿಸುವ ಕವರು ಕೊಳ್ಳಬೇಡ. ಒದ್ದೆಯಾದರೆ ಅದೇ ಕಾರಿಗೆ ಕಚ್ಚಿಕೊಳ್ಳುತ್ತೆ, ಕೀಳಲು ಹೋದರೆ ಬಣ್ಣ ಗೀಚುತ್ತೆ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸು, ಬೆಳಗಿನ ಬಿಸಿಲಿಗೆ ಕರಗುತ್ತೆ ಅಂತ ಯಾರಾದರೂ ಹೇಳುತ್ತಾರೆ. ಜನವರಿ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 7 ಗಂಟೆ 50 ನಿಮಿಷಕ್ಕೆ. ಏಳಕ್ಕೆ ಹೊರಡುವ ನಿನಗೆ ಅದರಿಂದ ಏನೂ ಸಿಗದು.

ಕಾರು ತೊಳೆಸುವ ವಿಷಯದಲ್ಲಿ ಇಕ್ಕಟ್ಟಿದೆ. ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಗಡನ್ನು ತಿನ್ನುತ್ತೆ, ಆದ್ದರಿಂದ ಚಳಿಗಾಲದಲ್ಲೂ ತೊಳೆಯದೆ ವಿಧಿಯಿಲ್ಲ. ತೊಳೆದರೆ ಬಾಗಿಲು ಅಂಟುತ್ತೆ. ಸಂಕ್ರಾಂತಿ ಹಬ್ಬ ಅಂತ ಮಧ್ಯಾಹ್ನ ಕಾರಿಗೆ ಸ್ನಾನ ಮಾಡಿಸಿ, ಸಂಜೆ ಮೇಪಲ್ ಗ್ರೋವ್ ದೇವಸ್ಥಾನದ ಬಯಲಿನಲ್ಲಿ ನಿಲ್ಲಿಸಿ, ಮಂಗಳಾರತಿ ಪ್ರಸಾದ ಮುಗಿಸಿ ಎಳ್ಳುಬೆಲ್ಲ ಹಿಡಿದು ಹೊರಗೆ ಬರುವಷ್ಟರಲ್ಲಿ ರೇಷ್ಮೆ ಸೀರೆಯವರೆಲ್ಲ ಕಾರಿನ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಬಾಗಿಲು ಎಳೆಯುವುದನ್ನು ನೀನೇ ನೋಡುತ್ತೀಯ. ತೊಳೆಸುವುದಾದರೆ ಸೊನ್ನೆಗಿಂತ ಮೇಲೇರಿದ ದಿನ, ಬೆಳಿಗ್ಗೆಯೇ ತೊಳೆಸು. ಹೊರಗೆ ಬಂದ ಕೂಡಲೆ ಪಕ್ಕಕ್ಕೆ ನಿಲ್ಲಿಸಿ ಬಾಗಿಲು, ಡಿಕ್ಕಿ ಎಲ್ಲ ತೆರೆದು ಅಂಚು ಒರೆಸು, ಸಿಲಿಕೋನ್ ಬಟ್ಟೆ ಒಂದು ಸಲ ಆಡಿಸು, ಬಾಗಿಲು ನಾಲ್ಕಾರು ಬಾರಿ ತೆರೆದು ಹಾಕು. ಒಂದು ಸುತ್ತು ಓಡಿಸಿಕೊಂಡು ಬಂದ ಮೇಲೆಯೇ ನಿಲ್ಲಿಸು. ಅಂಟಿದ ಬಾಗಿಲಿಗೆ ಅದೇ ರಸ್ತೆಯ ಉಪ್ಪು ಉದುರಿಸಬಹುದಲ್ಲ ಅಂತ ಯೋಚಿಸಬೇಡ. ಮೈನಸ್ 9ಕ್ಕಿಂತ ಕೆಳಗೆ ಸಾದಾ ಉಪ್ಪಿನ ಆಟ ರಸ್ತೆಯಲ್ಲೇ ಅಷ್ಟಾಗಿ ನಡೆಯುವುದಿಲ್ಲ; ನಿನ್ನ ಬಾಗಿಲಿಗೆ ಉಳಿಯುವುದು ತುಕ್ಕು ಮಾತ್ರ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಅಂಟೇ ಅಂಟುತ್ತೆ. ಆಗ ಮೊದಲು ಕೈಕಟ್ಟಿ ಒಂದು ಕ್ಷಣ ನಿಂತು ನೋಡು, ಅಂಟಿರುವುದು ಯಾವುದು ಅಂತ. ಹ್ಯಾಂಡಲ್ ಎಂದಿನಂತೆ ಬಂದು, ಒಳಗೆ ಕ್ಲಿಕ್ ಅಂದು, ಬಾಗಿಲು ಮಾತ್ರ ಬರದಿದ್ದರೆ ಬೀಡಿಂಗು ಕಚ್ಚಿದೆ. ಹ್ಯಾಂಡಲ್ಲೇ ಅಲ್ಲಾಡದಿದ್ದರೆ, ಇಲ್ಲವೇ ಕ್ಲಿಕ್ ಅನ್ನದೆ ಸಡಿಲವಾಗಿ ಬಂದರೆ ಒಳಗಿನ ಕೊಂಡಿ ಹೆಪ್ಪುಗಟ್ಟಿದೆ. ಎರಡಕ್ಕೂ ಮದ್ದು ಬೇರೆ.

ಬೀಡಿಂಗು ಕಚ್ಚಿದ್ದರೆ ಎಳೆಯುವ ಮುಂಚೆ ತಳ್ಳಬೇಕು. ಇದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಅಂಗೈಯಿಂದ, ಇಲ್ಲವೇ ಸೊಂಟ ಕೊಟ್ಟು ಬಾಗಿಲಿನ ಅಂಚಿನ ಹತ್ತಿರ ಒಳಮುಖವಾಗಿ ಬಲವಾಗಿ ಒತ್ತು. ಮೇಲೆ, ನಡುವೆ, ಕೆಳಗೆ, ಸುತ್ತಲೂ ಒತ್ತು. ಮೆತ್ತನೆಯ ರಬ್ಬರು ಇನ್ನಷ್ಟು ಅಮುಕಿದಾಗ ಐಸಿನ ಪೊರೆ ಪಟಪಟ ಅಂತ ಬಿರುಕು ಬಿಡುತ್ತೆ, ಕಿವಿಗೆ ಕೇಳಿಸುತ್ತೆ. ಆಮೇಲೆ ಹ್ಯಾಂಡಲ್ ಹಿಡಿದು ಮೆಲ್ಲಗೆ ಎಳೆ. ಬರಲಿಲ್ಲವೋ, ಮತ್ತೆ ತಳ್ಳು. ಜಗ್ಗಾಡಬೇಡ, ಚಳಿಗೆ ಪ್ಲಾಸ್ಟಿಕ್ಕು ಪೆಡಸಾಗಿರುತ್ತೆ, ಹ್ಯಾಂಡಲ್ ಕೈಗೇ ಬರುತ್ತೆ. ಚಾಲಕನ ಬಾಗಿಲಿಗೇ ಹಟ ಹಿಡಿಯದೆ ಉಳಿದ ಬಾಗಿಲುಗಳನ್ನೂ ನೋಡು. ಗಾಳಿಗೆ ಮರೆಯಾದ ಕಡೆಯದು, ದಿನಾ ತೆರೆಯದೆ ಒಣಗಿರುವುದು ಎಷ್ಟೋ ಸಲ ಸುಲಭವಾಗಿ ಬರುತ್ತೆ. ಅಲ್ಲಿಂದ ನುಸುಳಿ ಎಂಜಿನ್ ಚಾಲೂ ಮಾಡಿ ಹೀಟರ್ ಹಾಕಿದರೆ ಉಳಿದವು ತಾವಾಗಿ ಬಿಡುತ್ತವೆ. ಹಿಂದಿನ ಬಾಗಿಲಿನಿಂದ ಹತ್ತುವುದಾದರೆ ಅದನ್ನು ಹಾಕಿಕೊಳ್ಳುವ ಮುಂಚೆ ಯೋಚಿಸು: ಮಕ್ಕಳ ಲಾಕು ಬಿದ್ದಿದ್ದರೆ ಒಳಗಿನಿಂದ ಅದು ತೆರೆಯುವುದಿಲ್ಲ. ನಿನಗಿಂತ ಮುಂಚೆ ಆ ಕಾರು ಮಕ್ಕಳಿದ್ದವರ ಹತ್ತಿರ ಇತ್ತು ಅಂದೆಯಲ್ಲ, ಒಮ್ಮೆ ನೋಡಿಬಿಡು.

ಕೊಂಡಿ ಹೆಪ್ಪುಗಟ್ಟಿದ್ದರೆ ಡೀ-ಐಸರ್ ಸ್ಪ್ರೇ ಬೇಕು. ಅದರಲ್ಲಿ ಮುಖ್ಯವಾಗಿ ಇರುವುದು ಆಲ್ಕೋಹಾಲು. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಔಷಧಿ ಅಂಗಡಿಯ ಶೇಕಡ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಪಾಲು, ನೀರು ಒಂದು ಪಾಲು. ಬೆಂಕಿಯಿಂದ ದೂರ ಇಡು. ಕೀಲಿ ತೂರಿಸುವ ತೂತು ಕಟ್ಟಿಕೊಂಡಿದ್ದರೆ ಪರ್ಸಿನಲ್ಲಿರುವ ಹ್ಯಾಂಡ್ ಸ್ಯಾನಿಟೈಸರನ್ನು ಕೀಲಿಗೆ ಸವರಿ ತೂರಿಸಿದರೂ ನಡೆಯುತ್ತೆ. ಡೀ-ಐಸರ್ ಡಬ್ಬಿಯನ್ನು ಕಾರಿನೊಳಗೆ ಇಟ್ಟುಕೊಳ್ಳುವವರು ಎಷ್ಟು ಜನ ಇದ್ದಾರೋ ಲೆಕ್ಕವಿಲ್ಲ. ಬಾಗಿಲು ತೆರೆಯುವ ಔಷಧಿ ತೆರೆಯದ ಬಾಗಿಲಿನ ಆಚೆ! ಒಂದು ಮನೆಯಲ್ಲಿ, ಇನ್ನೊಂದು ಆಫೀಸಿನ ಬ್ಯಾಗಿನಲ್ಲಿ ಇರಲಿ. ಸ್ಕ್ರೇಪರಿಗೂ ಇದೇ ಮಾತು.

ಬಿಸಿನೀರು ಮಾತ್ರ ಬೇಡ, ಬೇಡವೇ ಬೇಡ. ನಮ್ಮವರಿಗೆ ಮೊದಲು ಹೊಳೆಯುವುದೇ ಅದು, ಒಲೆಯ ಮೇಲೆ ನೀರು ಹೇಗೂ ಇರುತ್ತೆ. ಮೈನಸ್ 20ರಲ್ಲಿ ಕೊರೆಯುತ್ತಿರುವ ಗಾಜಿಗೆ ಬಿಸಿನೀರು ತಾಗಿದರೆ ಸೀಳು ಬಿಡಬಹುದು. ಬಿಡದಿದ್ದರೂ ಸುರಿದ ನೀರು ಸಂದಿಯ ಆಳಕ್ಕಿಳಿದು ಸ್ವಲ್ಪ ಹೊತ್ತಿಗೇ ಮೊದಲಿಗಿಂತ ದಪ್ಪಗೆ ಕಟ್ಟುತ್ತೆ, ಕಾಲ ಕೆಳಗೂ ಜಾರುಗಲ್ಲು ಹಾಸಿದಂತಾಗುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟುವುದೂ ಬೇಡ.

ಕಿಟಕಿಗೆ ಚೌಕಟ್ಟಿಲ್ಲದ ಕಾರಾದರೆ ಇನ್ನೊಂದು ಎಚ್ಚರ. ಅಂಥದ್ದರಲ್ಲಿ ಬಾಗಿಲು ತೆರೆಯುವಾಗ ಗಾಜು ತುಸು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳಬೇಕು. ಗಾಜೇ ಅಂಟಿ ಇಳಿಯದಿದ್ದಾಗ ಎಳೆದರೆ ರಬ್ಬರು ಹರಿಯುತ್ತೆ, ಕೆಲವೊಮ್ಮೆ ಗಾಜೂ ಹೋಗುತ್ತೆ. ಮೈಗೆ ಸಮನಾಗಿ ಒಳಗೆ ಕೂತಿರುವ ಹ್ಯಾಂಡಲಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಹ್ಯಾಂಡಲ್ ಸುತ್ತಲಿನ ಐಸನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿ ಒಡೆಯುತ್ತಾರೆ; ಹೊರಡುವ ಮುಂಚೆ ಫೋನಿನಿಂದಲೇ ಕಾರು ಬೆಚ್ಚಗೆ ಮಾಡುವ ಅನುಕೂಲವೂ ಅವಕ್ಕಿದೆ. ನಿನ್ನದು ಸಾದಾ ಕಾರು, ಸದ್ಯ.

ಬಾಗಿಲು ತೆರೆದ ಮೇಲೆ ಮತ್ತೆ ಹಾಕಿಕೊಳ್ಳದೆ ಸತಾಯಿಸುವುದೂ ಉಂಟು. ಕೊಂಡಿ ಮುಚ್ಚಿದ ಸ್ಥಿತಿಯಲ್ಲೇ ಕಟ್ಟಿಕೊಂಡು ಬಾಗಿಲು ತಟ್ಟಿ ತಟ್ಟಿ ವಾಪಸು ಬರುತ್ತೆ. ಜೋರಾಗಿ ಬಡಿಯಬೇಡ, ಹಗ್ಗ ಕಟ್ಟಿಕೊಂಡು ಓಡಿಸುವ ಸಾಹಸವಂತೂ ಬೇಡ. ಕೊಂಡಿಗೆ ಡೀ-ಐಸರ್ ಹೊಡೆದು, ಹ್ಯಾಂಡಲನ್ನು ಎತ್ತಿ ಹಿಡಿದು, ಕೊಂಡಿಯನ್ನು ಪೆನ್ನಿನ ತುದಿಯಿಂದ ತೆರೆದ ಕಡೆಗೆ ತಳ್ಳು. ಎರಡು ನಿಮಿಷದಲ್ಲಿ ಬಿಡುತ್ತೆ.

ಎಂಜಿನ್ ಚಾಲೂ ಮಾಡುವ ಮುಂಚೆ ಹಿಂದೆ ಹೋಗಿ ಸೈಲೆನ್ಸರ್ ಕೊಳವೆಯ ಬಾಯಿಗೆ ಹಿಮ ಮುಚ್ಚಿಲ್ಲ ತಾನೇ ಅಂತ ನೋಡು. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಕ್ಕೆ ಬರುತ್ತೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗ್ಯಾರೇಜಿನೊಳಗೆ ಚಾಲೂ ಮಾಡಿ ಬಿಡುವುದೂ ಅಷ್ಟೇ ಅಪಾಯ, ಬಾಗಿಲು ತೆರೆದಿದ್ದರೂ ಸರಿಯೇ. ನಿನ್ನ ಕೈಬೆರಳಿನ ಬಗ್ಗೆಯೂ ಒಂದು ಮಾತು. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 15 ಮೈಲಿಯ ಗಾಳಿಯಿದ್ದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು ಅಂತ ಇಲ್ಲಿನ ಹವಾಮಾನ ಇಲಾಖೆಯವರೇ ಹೇಳುತ್ತಾರೆ. ಬಾಗಿಲು ಹತ್ತು ನಿಮಿಷದಲ್ಲಿ ಬರದಿದ್ದರೆ ಒಳಗೆ ಹೋಗಿ ಕಾಫಿ ಕುಡಿ, ಆಫೀಸಿಗೆ ತಡವಾಗುತ್ತೆ ಅಂತ ಫೋನು ಮಾಡು. ಇಲ್ಲಿ ಆ ನೆಪವನ್ನು ಯಾರೂ ಅನುಮಾನಿಸುವುದಿಲ್ಲ.

ಆದರೆ ಸ್ನೋ ಎಮರ್ಜೆನ್ಸಿ ಇದ್ದ ದಿನ ಹೀಗೆ ಕಾಫಿ ಕುಡಿಯುತ್ತ ಕೂರುವ ಹಾಗಿಲ್ಲ. ದೊಡ್ಡ ಹಿಮ ಬಿದ್ದಾಗ ಮಿನಿಯಾಪೊಲಿಸ್ ನಗರದವರು ರಸ್ತೆಯ ಹಿಮ ತೆಗೆಯಲು ಅದನ್ನು ಘೋಷಿಸುತ್ತಾರೆ. ಮೊದಲ ದಿನ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ಮಾರ್ಗ ಅಂತ ಗುರುತು ಹಾಕಿದ ರಸ್ತೆಯ ಎರಡೂ ಬದಿ ಖಾಲಿಯಿರಬೇಕು. ಎರಡನೇ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳಿರುವ ಬದಿ, ಮೂರನೇ ದಿನ ಅದೇ ಹೊತ್ತಿನಲ್ಲಿ ಬೆಸಸಂಖ್ಯೆಯ ಬದಿ. ಹಿಮ ತೆಗೆದು ಮುಗಿಸಿದ ಬದಿಯಲ್ಲಿ ನಿಲ್ಲಿಸಬಹುದು. ಬಾಗಿಲು ಅಂಟಿತ್ತು ಅಂದರೆ ಕೇಳುವವರಿಲ್ಲ. ಚೀಟಿ ಅಂಟಿಸುತ್ತಾರೆ, ಕಾರನ್ನೂ ಎಳೆದುಕೊಂಡು ಹೋಗುತ್ತಾರೆ. ನದಿಯಾಚೆಯ ಸೇಂಟ್ ಪಾಲ್‌ನ ನಿಯಮವೇ ಬೇರೆ, ಗೆಳತಿಯರ ಮನೆಯಲ್ಲಿ ರಾತ್ರಿ ಉಳಿಯುವಾಗ ವಿಚಾರಿಸಿಕೊ. ಹಿಮ ಬೀಳುತ್ತಿರುವ ಸಂಜೆ ಒಂದೆರಡು ಸಲ ಕೆಳಗಿಳಿದು ಬಾಗಿಲು ತೆರೆದು ಹಾಕಿ ಬಂದರೆ ಅಂಟಲು ಅವಕಾಶವೇ ಕಡಿಮೆ.

ಹೋದ ವಾರ ನೀನು ಮನೆಗೆ ಬಂದು ಹೊರಟಾಗ ಕಾರಿನ ಸುತ್ತ ಒಂದು ಕಣ್ಣಾಡಿಸಿದೆ. ಎಡಗಡೆ ಹಿಂದಿನ ಬಾಗಿಲಿನ ಬೀಡಿಂಗು ಕೆಳಮೂಲೆಯಲ್ಲಿ ಹರಿದು ನೇತಾಡುತ್ತಿದೆ, ಚಾಲಕನ ಬಾಗಿಲಿನದು ಒಂದು ಕಡೆ ಕ್ಲಿಪ್ಪು ಬಿಟ್ಟಿದೆ. ಹರಿದ ಜಾಗಕ್ಕೆ ಎಷ್ಟು ಸಿಲಿಕೋನ್ ಸುರಿದರೂ ನೀರು ಒಳಗೆ ಬರುವುದು ನಿಲ್ಲುವುದಿಲ್ಲ. ಕ್ಲಿಪ್ಪಿನದು ನಾವೇ ಒತ್ತಿ ಕೂರಿಸಬಹುದು. ಹಿಂದಿನದಕ್ಕೆ ಹೊಸ ಪಟ್ಟಿಯೇ ಬೇಕು. ಕಾರಿನ ಮಾಡೆಲ್ಲು, ವರ್ಷ, ಎಡಗಡೆ ಹಿಂದಿನದು ಅಂತ ಹೇಳಿ ಈ ವಾರವೇ ತರಿಸಿಕೊ. ಹಳೆ ಕಾರಿನ ಭಾಗ, ಬರಲು ತಡವಾಗಬಹುದು. ಬಂದ ಮೇಲೆ ಒಂದು ಶನಿವಾರ ಬೆಳಿಗ್ಗೆ ಇಲ್ಲಿಗೇ ಕಾರು ತಗೊಂಡು ಬಾ. ನಿಮ್ಮ ಮಾವನೂ ಇರುತ್ತಾರೆ, ಮೂರು ಜನ ಸೇರಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತೆ. ಹಳೆ ಪಂಚೆಯ ಬಟ್ಟೆ ನನ್ನ ಹತ್ತಿರ ಬೇಕಾದಷ್ಟಿದೆ, ಸಿಲಿಕೋನ್ ಡಬ್ಬಿ ಮಾತ್ರ ನೀನು ತಾ.

ನಿನ್ನ ಅತ್ತೆ